ಅತ್ತಿ ಹೂಂ ಅನ್ನುವವರೆಗೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಸೊಲ್ಲಾಪುರದಿಂದ ಬಂದ ಪೇಂಟರುಗಳು ನಾಲ್ಕು ಜನ ಎಂದು ನನ್ನ ನೆನಪು. ಅವ್ವ ಐದು ಅನ್ನುತ್ತಾಳೆ. ಅವರು ಬಂದ ದಿನ ಮೋಡ ಕವಿದಿತ್ತು ಎಂದು ಬರೆಯಲು ಹೊರಟೆ. ಆಮೇಲೆ ಹೊಳೆಯಿತು, ಮೋಡ ಬಂದದ್ದು ಅವರು ಬಂದು ಎಷ್ಟೋ ದಿನಗಳ ಮೇಲೆ. ಆ ಬೇಸಿಗೆಯಲ್ಲಿ ನಾನು ದಿನಚರಿ ಬರೆಯುತ್ತಿದ್ದೆ, ಆ ವಹಿ ಈಗಲೂ ನನ್ನ ಹತ್ತಿರ ಇದೆ. ಅದನ್ನು ಎದುರಿಗಿಟ್ಟುಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಯಾರಿಗಾದರೂ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಕಾಲೇಜಿನಲ್ಲಿ ಇತಿಹಾಸ ಓದುವಾಗ, ಬರೆದಿಟ್ಟದ್ದು ಯಾರದು, ಯಾವಾಗ ಬರೆದದ್ದು, ಬರೆಯುವಾಗ ಆ ಕೈಗೆ ಯಾರ ಅಂಜಿಕೆ ಇತ್ತು ಎಂದು ಕೇಳಬೇಕೆಂದು ಹೇಳಿಕೊಟ್ಟಿದ್ದರು. ಅದು ರಾಜರ ಶಾಸನಗಳಿಗೆ ಹೇಳಿದ ಮಾತು ಎಂದುಕೊಂಡಿದ್ದೆ.

ಉದಗೀರದ ಬಜಾರಿನಲ್ಲಿ ನಮ್ಮ ಮನೆಯ ಮುಂಭಾಗವೇ ಅಪ್ಪನ ಬೋರ್ಡಿನ ಕಾರ್ಖಾನೆ. ಹೆಸರಿಗೆ ಕಾರ್ಖಾನೆ, ಇದ್ದದ್ದು ಒಂದು ಉದ್ದನೆಯ ಪಡಸಾಲೆ. ಅಜ್ಜನ ಕಾಲಕ್ಕೆ ಅಲ್ಲಿ ಅರಿವೆ ಅಂಗಡಿಯಿತ್ತು. ಅಪ್ಪನಿಗೆ ಅರಿವೆ ಅಳೆಯುವುದರಲ್ಲಿ ಮನಸ್ಸಿರಲಿಲ್ಲ. ಅರಿವೆ ಸುತ್ತಿದ ಥಾನಿನ ಮೇಲೆ ಮಿಲ್ಲಿನವರು ಒತ್ತಿದ ಅಕ್ಷರಗಳನ್ನು ನೋಡುತ್ತ ಎದುರಿಗೆ ನಿಂತ ಗಿರಾಕಿಯನ್ನು ಮರೆತುಬಿಡುತ್ತಿದ್ದನಂತೆ. ಅಜ್ಜ ತೀರಿಕೊಂಡ ಮೇಲೆ ಗಜಕಡ್ಡಿ ತೆಗೆದಿಟ್ಟು ಕುಂಚ ಹಿಡಿದ. ಕಿರಾಣಿ ಅಂಗಡಿ, ದವಾಖಾನೆ, ಕಾಳಿನ ದಲಾಲಿ ನಡೆಸುವ ಅಡತಿ ಅಂಗಡಿ, ಯಾರು ಕೇಳಿದರೂ ಬೋರ್ಡು ಬರೆದುಕೊಡುವುದು ಅವನ ಕಸುಬಾಯಿತು. ಅಕ್ಷರ ಎಲ್ಲಿ ಬರಬೇಕು, ಎಷ್ಟು ದಪ್ಪ, ಯಾವ ಬಣ್ಣ ಎಂದು ಅಪ್ಪ ಗೀರಿಕೊಡುತ್ತಿದ್ದ. ಅಕ್ಷರ ತುಂಬುವವರು ಉಸ್ತಾದರು.

ಉಸ್ತಾದರು ನಿಜಾಮರ ಕಾಲದಲ್ಲಿ ಉರ್ದು ಬರೆಯುವುದಕ್ಕೆ ಹೆಸರಾದವರು. ಪೋಲೀಸ್ ಆಕ್ಷನ್ ಆದ ಮೇಲೆ ಬಹಳ ದಿನ ಅವರು ಮನೆಯಿಂದ ಹೊರಗೆ ಬರಲಿಲ್ಲ. ಬಂದಾಗ ಉರ್ದು ಬೋರ್ಡು ಬೇಕೆನ್ನುವವರು ಊರಲ್ಲಿ ಉಳಿದಿರಲಿಲ್ಲ. ಅಪ್ಪ ಹೋಗಿ ಕರೆದುಕೊಂಡು ಬಂದ. ಐವತ್ತು ದಾಟಿದ ಆ ಮನುಷ್ಯ ನನ್ನ ಪಕ್ಕದಲ್ಲಿ ಕೂತು, ನನ್ನದೇ ಪಾಟಿಯ ಮೇಲೆ, ಬಾಳಬೋಧ ತಿದ್ದಿದರು. ಬಾಳಬೋಧವೆಂದರೆ ಮರಾಠಿ ಬರೆಯುವ ಅಕ್ಷರ. ನಾನು ತಪ್ಪಿದರೆ ಮಾಸ್ತರರು ಕಿವಿ ಹಿಂಡುತ್ತಿದ್ದರು. ಉಸ್ತಾದರು ತಪ್ಪಿದರೆ ನಾನು ಹಿಂಡಬೇಕೆಂದು ಅವರೇ ಕಿವಿ ಒಡ್ಡುತ್ತಿದ್ದರು.

ಅತ್ತಿ ಅಪ್ಪನ ಅಕ್ಕ. ಗುಂಜೋಟಿಗೆ ಕೊಟ್ಟಿದ್ದರು. ಮದುವೆಯಾಗಿ ಮೂರನೆಯ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಳು. ಮನೆಯಲ್ಲಿ ಅವಳಿಗೆ ಊಟಕ್ಕೆ, ಉಡಲಿಕ್ಕೆ, ಮರ್ಯಾದೆಗೆ ಕೊರತೆಯಿರಲಿಲ್ಲ. ಆದರೆ ಯಾರ ಮದುವೆ ಯಾವಾಗ, ಹೊಲ ಯಾರಿಗೆ ಪಾಲಿಗೆ ಕೊಡುವುದು, ನನ್ನನ್ನು ಓದಿಸುವುದೋ ಬಿಡಿಸುವುದೋ, ಇಂಥ ಯಾವುದಕ್ಕೂ ಅವಳ ಮಾತು ಬೇಕಾಗುತ್ತಿರಲಿಲ್ಲ. ಅವಳ ಮಾತಿಗಾಗಿ ಜನ ಕಾಯುವ ಜಾಗ ಒಂದೇ ಇತ್ತು, ಪಡಸಾಲೆ.

ಯಾಕೆಂದರೆ ಅಸ್ತರ ಅವಳ ಕೈಯಲ್ಲಿತ್ತು. ಅಕ್ಷರ ಬರೆಯುವ ಮೊದಲು ಹಲಗೆಗೆ ಕೊಡುವ ಬಿಳಿಯ ತಳಪದರಕ್ಕೆ ನಮ್ಮಲ್ಲಿ ಅಸ್ತರ ಅನ್ನುತ್ತಿದ್ದರು. ಅಗಸಿ ಎಣ್ಣೆ ಕಾಯಿಸಿ, ಸಫೇದಾ ಎಂಬ ಬಿಳಿ ಪುಡಿ ಹಾಕಿ, ಕಲ್ಲಿನ ಮೇಲೆ ಬೆಣ್ಣೆಯಾಗುವ ತನಕ ಅರೆದು, ಹಲಗೆಗೆ ಮೂರು ಸಲ ಬಳಿಯಬೇಕು. ಒಂದು ಪದರ ಪೂರಾ ಒಣಗದೆ ಇನ್ನೊಂದನ್ನು ಬಳಿಯುವಂತಿಲ್ಲ. ಮೂರನೆಯದು ಒಣಗದೆ ಅಕ್ಷರ ಬರೆಯುವಂತಿಲ್ಲ. ಮುಟ್ಟಿದರೆ ಬೆರಳಿಗೆ ಹತ್ತುವುದಿಲ್ಲ, ಕಣ್ಣಿಗೆ ಒಣಗಿದಂತೆಯೇ ಕಾಣುತ್ತದೆ, ಒಳಗೆ ಮಾತ್ರ ಇನ್ನೂ ಹಸಿ. ಅದನ್ನು ಅತ್ತಿ ಮಣಿಕಟ್ಟಿನ ಒಳಬದಿಯನ್ನು ಹಲಗೆಗೆ ಇಟ್ಟು, ಆಮೇಲೆ ಮೂಗು ಹತ್ತಿರ ಒಯ್ದು ತಿಳಿಯುತ್ತಿದ್ದಳು. ಆಗಿದ್ದರೆ ಹೂಂ ಅನ್ನುತ್ತಿದ್ದಳು. ಬಿಳಿ ಪುಡಿಯಲ್ಲಿ ಮೂರು ಬೆರಳು ಅದ್ದಿ, ಹಣೆಗೆ ವಿಭೂತಿ ಹಚ್ಚಿದ ಹಾಗೆ, ಹಲಗೆಯ ಬೆನ್ನಿಗೆ ಮೂರು ಗೆರೆ ಎಳೆಯುತ್ತಿದ್ದಳು. ಆ ಗುರುತಿಲ್ಲದ ಹಲಗೆಯನ್ನು ಅಪ್ಪನೂ ಮುಟ್ಟುತ್ತಿರಲಿಲ್ಲ. ಮಳೆಗಾಲದಲ್ಲಿ ಹದಿನೈದು ದಿನ ಹೂಂ ಅನ್ನದಿದ್ದರೆ ಹದಿನೈದು ದಿನ ಕೆಲಸ ನಿಲ್ಲುತ್ತಿತ್ತು. ಗಿರಾಕಿ ಬಂದು ಕೂಗಾಡಿದರೆ ಅಪ್ಪ ಒಳಗೆ ಕೈ ತೋರಿಸಿ, "ನನ್ನ ಕೈಯಾಗ ಏನಿಲ್ಲರಿ, ಅಕ್ಕನ ಕೇಳ್ರಿ" ಅನ್ನುತ್ತಿದ್ದ. ಅತ್ತಿಗೆ ಅದು ಎಷ್ಟು ಖುಷಿ ಕೊಡುತ್ತಿತ್ತೆಂದು ಈಗ ತಿಳಿಯುತ್ತದೆ. ಆಗ ಅವಳು ಗಂಟುಮೋರೆ ಹಾಕಿಕೊಂಡೇ ಹೊರಗೆ ಬರುತ್ತಿದ್ದಳು.

ಬೋರ್ಡು ಪೂರಾ ಆದ ಮೇಲೆ ಇನ್ನೊಂದು ರೂಢಿಯಿತ್ತು. ಅದನ್ನು ಪಡಸಾಲೆಯ ಕಂಬಕ್ಕೆ ಒರಗಿಸಿ ಎಲ್ಲರೂ ರಸ್ತೆ ದಾಟಿ, ಎದುರಿನ ಅಡತಿ ಅಂಗಡಿಯ ಕಟ್ಟೆಯ ಮೇಲೆ ನಿಂತು ನೋಡಬೇಕು. ಓದುವವನು ದೂರದಿಂದ ಓದುತ್ತಾನೆ, ನಾವೂ ದೂರದಿಂದಲೇ ನೋಡಬೇಕು ಅನ್ನುವುದು ಅಪ್ಪನ ಮಾತು. ಆ ಬೋರ್ಡಿಗೆ ಎಲ್ಲಕ್ಕಿಂತ ಕಡಿಮೆ ಕೆಲಸ ಮಾಡಿದವರು ಮೊದಲು ತಪ್ಪು ಹೇಳಬೇಕು. ಅತ್ತಿ ಸೆರಗು ಹೊದ್ದು, ಬಿಳಿ ಪುಡಿ ಮೆತ್ತಿದ ಕೈಯಲ್ಲೇ ಬಂದು ಕಟ್ಟೆಯ ತುದಿಗೆ ನಿಲ್ಲುತ್ತಿದ್ದಳು. ಆ ಬಜಾರಿನಲ್ಲಿ ಅವಳು ಗಂಡಸರ ಸಾಲಿನಲ್ಲಿ ನಿಂತು ಬಾಯಿ ತೆರೆದು ಮಾತಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಒಮ್ಮೆ ಒಂದು ಅರಿವೆ ಅಂಗಡಿಯ ಬೋರ್ಡು ನೋಡುತ್ತಿದ್ದೆವು.

"ಉಸ್ತಾದರೀ, ಅಕ್ಷರ ಎಲ್ಲಾ ಎಡಕ್ಕ ವಾಲ್ಯಾವಲ್ರಿ. ಒಳಗ ಗಾಳಿ ಬಿಟ್ಟಿತ್ತೇನು?" ಅಂದಳು ಅತ್ತಿ.

"ನಲವತ್ತ ವರ್ಷ ಬಲದಿಂದ ಎಡಕ್ಕ ಬರದ ಕೈ ಅದ ಅಕ್ಕಾ. ಆಗಾಗ ತವರಮನಿ ಕಡೆ ಹೊಳ್ಳಿ ನೋಡ್ತದ."

"ತವರಮನ್ಯಾಗ ಬಂದು ಕೂತಾಕಿ ಮುಂದ ಹೇಳ್ತೀರಿ ಇದನ್ನ?"

ಅಡತಿ ಅಂಗಡಿಯ ಹಮಾಲರೂ ನಕ್ಕರು. ಉಸ್ತಾದರು ತಪ್ಪು ತಮ್ಮದೆಂದರು. ಅಪ್ಪ, ನಾನೇ ಗೆರೆ ಓರೆ ಹೊಡೆದಿದ್ದೆ ಎಂದ. ಅತ್ತಿ, ಅಸ್ತರ ಒಂದು ಕಡೆ ದಪ್ಪ ಬಿದ್ದಿತ್ತು, ಅಲ್ಲಿ ಕುಂಚ ಜಾರಿದೆ ಎಂದಳು. ಮೂವರೂ ಸೇರಿ ಬೋರ್ಡನ್ನು ಒಳಗೆ ಹೊತ್ತುಕೊಂಡು ಹೋಗಿ ಅಳಿಸಿ ಬರೆದರು. ಆ ಮನೆಯಲ್ಲಿ ತಪ್ಪಿಗೆ ಹೀಗೆ ಮೂರು ಮೂರು ಜನ ಒಡೆಯರು ಸಿಗುತ್ತಿದ್ದರು.

ಆಮೇಲೆ ಹೈದರಾಬಾದ ರಾಜ್ಯ ಒಡೆದು ನಮ್ಮ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಬೀದರ ಮೈಸೂರಿನ ಕಡೆಗೆ ಹೋಯಿತು, ನಾವು ಈಚೆ ಉಳಿದೆವು. ಉಮರ್ಗಾ, ನಿಲಂಗಾ, ಉದಗೀರ ಕಡೆಯ ಹಳ್ಳಿ ಶಾಲೆಗಳಿಗೆಲ್ಲ ಹೊಸದಾಗಿ ಮರಾಠಿ ಬೋರ್ಡು ಬೇಕಾಯಿತು. ಆ ಕೆಲಸ ಹಿಡಿದವರೊಬ್ಬರು ಅಪ್ಪನ ಹತ್ತಿರ ಬಂದರು. ಶಾಲೆ ತೆರೆಯುವ ಹೊತ್ತಿಗೆ ಎಲ್ಲ ಮುಗಿಯಬೇಕು ಎಂದರು. ಮೂವರ ಕೈಯಿಂದ ಆಗುವ ಕೆಲಸವಲ್ಲ ಅದು. ಒಲ್ಲೆ ಎಂದಿದ್ದರೆ ಲಾತೂರಿನ ಬೋರ್ಡಿನವರು ಅದನ್ನು ಹಿಡಿದುಬಿಡುತ್ತಿದ್ದರು. ಅಪ್ಪ ಹೂಂ ಅಂದ. ಅತ್ತಿಯನ್ನಾಗಲಿ ಉಸ್ತಾದರನ್ನಾಗಲಿ ಕೇಳಿದ್ದು ನನಗೆ ನೆನಪಿಲ್ಲ.

ಹೀಗೆ ಬಂದವರು ಸೊಲ್ಲಾಪುರದ ಪೇಂಟರುಗಳು. ಅವರನ್ನು ಕರೆತಂದ ಮುಕದಮ, ಎಂದರೆ ಆಳು ಒದಗಿಸುವ ಮೇಸ್ತ್ರಿ, ಒಪ್ಪಿಸಿ ಹೋದ, ವಾರಕ್ಕೊಮ್ಮೆ ಬಂದು ನೋಡುತ್ತಿದ್ದ. ಅವರಿಗೆ ತಿಂಗಳ ಪಗಾರವಿಲ್ಲ, ಬೋರ್ಡಿಗೆ ಇಷ್ಟು ಎಂದು ಠೇಕಾ. ಅದಕ್ಕೇ ಮನೆಯಲ್ಲಿ ಅವರನ್ನು ಠೇಕಾದವರು ಎಂದೇ ಕರೆದೆವು. ಕೆಟ್ಟವರಲ್ಲ, ಕೈಯಂತೂ ಬಹಳ ಚೆಂದ. ಉಸ್ತಾದರು ಒಂದು ದಿನ ತುಂಬುವ ಅಕ್ಷರವನ್ನು ಅವರು ಮಧ್ಯಾಹ್ನದೊಳಗೆ ತುಂಬುತ್ತಿದ್ದರು.

ಮೊದಲ ದಿನ ಅತ್ತಿ ಎಲ್ಲರಿಗೂ ಸೇರಿಸಿ ಜೋಳದ ರೊಟ್ಟಿ ಬಡಿದಳು. ಪಡಸಾಲೆಯಲ್ಲಿ ಕೆಲಸ ಮಾಡುವವರು ಪಡಸಾಲೆಯಲ್ಲೇ ಒಟ್ಟಿಗೆ ಉಣ್ಣಬೇಕು ಅನ್ನುವುದು ಅಲ್ಲಿಯ ಕ್ರಮ. ಉಸ್ತಾದರು ತಮ್ಮ ಬುತ್ತಿ ತಂದರೂ ಬಿಚ್ಚುತ್ತಿದ್ದದ್ದು ಅಲ್ಲೇ. ಠೇಕಾದವರಲ್ಲಿ ಎಡಗೈಯವನೊಬ್ಬನಿದ್ದ, ಮೂವತ್ತರ ಆಸುಪಾಸು, ಸದಾ ಮಾತು. ಅವನು ಕೈ ಜೋಡಿಸಿದ.

"ಬ್ಯಾಡ್ರಿ ಅಕ್ಕಾ. ನಮ್ಮ ರೊಟ್ಟಿ ನಾವು ಬಡ್ಕೋತೀವಿ."

"ಯಾಕಪಾ, ನನ್ನ ರೊಟ್ಟಿ ದಪ್ಪ ಕಾಣ್ತಾವೇನು?"

"ದಪ್ಪ ಅಲ್ರಿ, ಮೆತ್ತಗ ಅದಾವ. ಅದs ಅಂಜಿಕಿ. ಇಲ್ಲಿ ಉಂಡ್ರ ಇಲ್ಲೇ ಇರಬೇಕು ಅನಸ್ತದ. ಈ ಕೆಲಸ ಮುಗಿದ್ರ ನಾವು ಯಾವ ಊರಾಗಿರ್ತೀವೋ."

ಅತ್ತಿ ರೊಟ್ಟಿಯ ಬುಟ್ಟಿ ಒಳಗೆ ತಂದಿಟ್ಟಳು. ಅವತ್ತು ನಾವು ಒಳಗೆ ಉಂಡೆವು, ಉಸ್ತಾದರು ಪಡಸಾಲೆಯ ಈ ತುದಿಗೆ, ಠೇಕಾದವರು ಆ ತುದಿಗೆ. ಅದನ್ನು ಯಾರೂ ಮಾಡಬೇಕೆಂದು ಮಾಡಿದ್ದಲ್ಲ. ಮರುದಿನವೂ ಹಾಗೇ ಆಯಿತು, ಆಮೇಲೆ ಅದೇ ಕ್ರಮವಾಯಿತು.

ಬೇರೆ ಬದಲಾವಣೆಗಳು ಯಾವ ಕ್ರಮದಲ್ಲಿ ಬಂದವೋ ನನಗೆ ಖಾತ್ರಿಯಿಲ್ಲ. ಉಸ್ತಾದರು ಕುಂಚಗಳನ್ನು ಗೂಟಕ್ಕೆ ಸಿಕ್ಕಿಸಿಡುತ್ತಿದ್ದವರು ಸಂದೂಕಿನಲ್ಲಿಟ್ಟು ಬೀಗ ಹಾಕತೊಡಗಿದರು. ಒಂದು ಹಲಗೆ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವುದು ನಿಂತಿತು. ಠೇಕಾದವನ ಬೋರ್ಡು ಮೊದಲ ಗೆರೆಯಿಂದ ಕಡೆಯ ಗೆರೆಯವರೆಗೆ ಅವನದೇ. "ಇದು ಯಾರ ಬೋರ್ಡು?" ಅನ್ನುವ ಮಾತನ್ನು ನಮ್ಮ ಪಡಸಾಲೆಯಲ್ಲಿ ನಾನು ಮೊದಲು ಕೇಳಿದ್ದು ಆಗಲೇ. ಮೊದಲು ಆ ಪ್ರಶ್ನೆಗೆ ಉತ್ತರ ಗಿರಾಕಿಯ ಹೆಸರಾಗಿರುತ್ತಿತ್ತು.

ಮೊದಲ ಬೋರ್ಡು ಪೂರಾ ಆದಾಗ ಅಪ್ಪ ರೂಢಿಯಂತೆ ಎಲ್ಲರನ್ನೂ ರಸ್ತೆ ದಾಟಿಸಿದ. ಅದು ವಲಾಂಡಿಯ ಶಾಲೆಯದು. ಉಸ್ತಾದರು ಬರೆದದ್ದು. ಎಡಗೈಯವನು ಅದಕ್ಕೆ ಏನೂ ಮಾಡಿರಲಿಲ್ಲ, ಹಾಗಾಗಿ ಮೊದಲ ಮಾತು ಅವನದು.

"ಹೇಳಪಾ, ಎಲ್ಲಿ ತಪ್ಪದ?" ಅಂದ ಅಪ್ಪ.

"ಚೊಲೊ ಅದರಿ."

"ತಪ್ಪು ಹೇಳಂದ್ರ ಚೊಲೊ ಅಂತಾನ. ನಡಕ್ ಜಾಗಾ ಹೆಚ್ಚಿಗಿ ಬಿಟ್ಟೀನಿ, ಕಾಣವಲ್ದೇನು?" ಅಂದರು ಉಸ್ತಾದರು.

"ಕಾಣ್ತದರಿ. ಆದ್ರ ಅದು ನನ್ನ ಬೋರ್ಡ್ ಅಲ್ಲಲ್ರಿ."

ಆಮೇಲೊಂದು ದಿನ ನಾನು ಅವನನ್ನು ಕೇಳಿದೆ, ಕಂಡಿದ್ದನ್ನು ಯಾಕೆ ಹೇಳಲಿಲ್ಲ ಎಂದು. ಮೆಟ್ರಿಕ್ ಮುಗಿಸಿ ಕಾಲೇಜಿಗೆ ಹೋಗಲಿದ್ದ ಹದಿನೇಳರ ಹುಡುಗಿ ನಾನು, ಯಾರನ್ನು ಬೇಕಾದರೂ ಏನು ಬೇಕಾದರೂ ಕೇಳಬಹುದೆಂದು ತಿಳಿದಿದ್ದೆ. ಅವನು ಕುಂಚ ಒರೆಸುತ್ತ ಹೇಳಿದ: "ಮನ್ಯಾನವ ತಪ್ಪು ತೋರಿಸಿದ್ರ ಕಲಿಸಿದ ಅಂತಾರ. ಹೊರಗಿನವ ತೋರಿಸಿದ್ರ ಕಾಲ ಕೆರದ ಜಗಳಕ್ಕ ಬಂದ ಅಂತಾರ. ಒಂದ ಊರಾಗ ಹೇಳಿದ್ದೆ ತಾಯಿ. ಮರುದಿನ ಮುಕದಮ ನನಗ ಗಾಡಿ ಹತ್ತಸ್ದ." ಅವನು ನನ್ನನ್ನು ತಾಯಿ ಅಂದದ್ದು ನೆನಪಿದೆ. ಉಳಿದ ಮಾತು ಇದೇ ಇತ್ತೋ, ನಾನು ಆಮೇಲೆ ಓದಿ ಕಲಿತದ್ದನ್ನು ಅವನ ಬಾಯಿಗೆ ಹಾಕುತ್ತಿದ್ದೇನೋ, ಹೇಳಲಾರೆ.

ಅವನಿಗೆ ಕಲಿಯುವ ಆಸೆ ಇಲ್ಲದಿರಲಿಲ್ಲ. ಅತ್ತಿ ಅಸ್ತರ ನೋಡುವಾಗ ದೂರದಲ್ಲಿ ನಿಂತು ನೋಡುತ್ತಿದ್ದ. "ಹ್ಯಾಂಗ ತಿಳೀತದ್ರಿ ಅಕ್ಕಾ?" ಎಂದು ಕೇಳಿದ. ಅತ್ತಿ ಎರಡು ಹಲಗೆ ತೋರಿಸಿ ಮಣಿಕಟ್ಟು ಇಡು ಎಂದಳು. ಇಟ್ಟ. ಎರಡೂ ಒಂದೇ ಥರ ಎಂದ.

"ಒಂದ ಬ್ಯಾಸಿಗಿ, ಒಂದ ಮಳಿಗಾಲ ಇಲ್ಲೇ ಇದ್ದು ನೋಡು, ತಿಳೀತದ."

"ಅಷ್ಟ ದಿನ ನಾ ನನ್ನ ಹೇಣ್ತಿ ಜೋಡಿನೂ ಒಂದ ಊರಾಗ ಇದ್ದಿಲ್ರಿ."

ಅತ್ತಿ ನಕ್ಕಳು. ಆ ಬೇಸಿಗೆಯಲ್ಲಿ ಪಡಸಾಲೆಯಲ್ಲಿ ಅವಳು ನಕ್ಕದ್ದು ಅದೇ ಕಡೆಯದು ಎಂದು ನನ್ನ ಭಾವನೆ.

ರಸ್ತೆ ದಾಟುವುದು ಅದಾಗಿ ಸ್ವಲ್ಪ ದಿನಕ್ಕೆ ನಿಂತಿತು. ಅಪ್ಪ ಬೇಡವೆಂದು ಹೇಳಲಿಲ್ಲ. ಎರಡು ಸಲ "ಈಗ ಹೊತ್ತಿಲ್ಲ" ಎಂದ. ಮೂರನೆಯ ಸಲ ಯಾರೂ ಏಳಲೇ ಇಲ್ಲ. ಠೇಕಾದವರಿಗೆ ಕಟ್ಟೆಯ ಮೇಲೆ ನಿಂತ ಹೊತ್ತೆಲ್ಲ ಖಾಲಿ ಹೊತ್ತು. ಅವರು ನಿಲ್ಲದಿದ್ದರೆ ಉಸ್ತಾದರೊಬ್ಬರೇ ನಿಂತು ಏನು ಮಾಡುವುದು? ಉಸ್ತಾದರು ತಪ್ಪು ಹೇಳುವುದನ್ನು ಬಿಟ್ಟರು, ಅಪ್ಪನ ಗೆರೆಗೂ ಹೇಳಲಿಲ್ಲ. ಅತ್ತಿ ಬೋರ್ಡು ಮುಗಿದಾಗಲೆಲ್ಲ ಸೆರಗು ಹೊದ್ದು ಬಾಗಿಲವರೆಗೆ ಬರುತ್ತಿದ್ದಳು. ನಾಲ್ಕಾರು ದಿನ ಬಂದಳು.

ಅವಳಿಗೆ ಉಳಿದದ್ದು ಹೂಂ ಅನ್ನುವುದೊಂದೇ.

ಆಮೇಲೆ ಮೋಡ ಬಂತು. ಮಳೆಯಿಲ್ಲ, ಬಿಸಿಲೂ ಇಲ್ಲ, ಬರೀ ಜಿಗುಟು. ಮೂರನೆಯ ಅಸ್ತರ ಹಾಕಿದ ಹನ್ನೊಂದು ಹಲಗೆಗಳು ಗೋಡೆಗೆ ಒರಗಿ ನಿಂತಿದ್ದವು. ಕಾಸಾರಶಿರಸಿ, ಗುಂಜೋಟಿ, ಆ ಸುತ್ತಿನ ಹಳ್ಳಿಗಳ ಬೋರ್ಡುಗಳು. ಯಾವುದು ಯಾವ ಊರಿನದೆಂದು ಚೀಟಿ ಬರೆದು ಅಂಟಿಸಿದವಳು ನಾನೇ. ಠೇಕಾದವರು ಕೈ ಕಟ್ಟಿ ಕೂತರು. ಕೂತ ದಿನ ಅವರಿಗೆ ಊಟದ ದಿನವಲ್ಲ. ಮುಕದಮ ಬಂದು, ಬೇರೆ ಊರಲ್ಲಿ ಕೆಲಸ ಕಾದಿದೆ, ನಾಡಿದ್ದು ಕರೆದುಕೊಂಡು ಹೋಗುತ್ತೇನೆ ಎಂದ.

"ಅಕ್ಕಾ, ಆತೇನು?" ಅಪ್ಪ ಹೊಸ್ತಿಲಲ್ಲಿ ನಿಂತು ಕೇಳಿದ.

"ಇಲ್ಲ."

ಮರುದಿನ ಮತ್ತೆ ಕೇಳಿದ.

"ಇಲ್ಲಂದೆಲ್ಲ ತಮ್ಮಾ. ಎಣ್ಣಿ ವಾಸನಿ ಇನ್ನೂ ಹಸೀದs ಬರ್ಲಿಕತ್ತದ."

"ನಿನ್ನ ಮೂಗಿಗೆ ಈ ಮಂದಿ ಹೊಟ್ಟಿ ಕಟ್ಟಿ ಹಾಕ್ಲೇನು?"

ಅಪ್ಪ ಅತ್ತಿಗೆ ಎದುರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅತ್ತಿ ಅರೆಯುವ ಕಲ್ಲಿನ ಕಡೆ ಹೋದಳು.

ಮೂರನೆಯ ದಿನ ಬೆಳಿಗ್ಗೆ ಅಪ್ಪ ನನ್ನನ್ನು ಕಳಿಸಿದ. "ಹೋಗಿ ನಿಮ್ಮತ್ತಿನ ಕೇಳು, ಆತೇನಂತ. ಇವತ್ತ ಶುರು ಮಾಡಲಿಲ್ಲಂದ್ರ ಅವ್ರು ಹೊಂಟ್ರು." ಎಡಗೈಯವನು ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದ.

ಅತ್ತಿ ಪೂಜೆಗೆ ಕೂತಿದ್ದಳು. ಎಡಗೈಯ ಅಂಗೈಯಲ್ಲಿ ಲಿಂಗ, ದೃಷ್ಟಿ ಅದರ ಮೇಲೆ. ನಮ್ಮ ಮನೆಯಲ್ಲಿ ಲಿಂಗಪೂಜೆಗೆ ಕೂತವರು ಮಾತಾಡುವುದಿಲ್ಲ, ಕೂತವರನ್ನು ಯಾರೂ ಮಾತಾಡಿಸುವುದೂ ಇಲ್ಲ. ಇಲ್ಲಿಯವರೆಗೆ ನನಗೆ ಅನುಮಾನವಿಲ್ಲ. ಇಲ್ಲಿಂದ ಮುಂದೆ ನನ್ನ ಹತ್ತಿರ ಮೂರು ನೆನಪುಗಳಿವೆ.

ಒಂದರಲ್ಲಿ ನಾನು ಬಾಗಿಲಲ್ಲಿ ನಿಂತು ಮೆಲ್ಲಗೆ, "ಅತ್ತಿ, ಆತೇನು?" ಅನ್ನುತ್ತೇನೆ. ಅವಳ ತಲೆ ಒಂದಿಷ್ಟು ಅಲ್ಲಾಡುತ್ತದೆ. ಪೂಜೆಯಲ್ಲಿ ಒಳಗೇ ಮಂತ್ರ ಹೇಳಿಕೊಳ್ಳುವಾಗ ಅವಳ ತಲೆ ಯಾವಾಗಲೂ ಹಾಗೆ ಅಲ್ಲಾಡುತ್ತಿತ್ತು. ಇನ್ನೊಂದರಲ್ಲಿ ನಾನು ಏನೂ ಕೇಳದೆ, ಸ್ವಲ್ಪ ಹೊತ್ತು ನಿಂತು, ಹಾಗೇ ತಿರುಗಿ ಬರುತ್ತೇನೆ. ಮೂರನೆಯದು ದಿನಚರಿಯಲ್ಲಿದೆ: "ಅತ್ತಿ ಹೂಂ ಅಂದಳು. ಹನ್ನೊಂದಕ್ಕೂ ಗುರುತಾಯಿತು." ಆ ಪುಟದ ಉಳಿದ ಸಾಲುಗಳೆಲ್ಲ ನೀಲಿ ಶಾಯಿ. ಈ ಎರಡು ವಾಕ್ಯ ಮಾತ್ರ ಕಪ್ಪು. ಕಪ್ಪು ಶಾಯಿ ಆ ವಹಿಯಲ್ಲಿ ಮತ್ತೆ ಕಾಣುವುದು ಶ್ರಾವಣದ ಪುಟಗಳಲ್ಲಿ, ಎಂದರೆ ಬೋರ್ಡುಗಳು ವಾಪಸು ಬಂದ ಮೇಲೆ. ಮನೆಯಲ್ಲಿ ಎರಡು ಶಾಯಿ ದೌತಿ ಇದ್ದಿರಬಹುದು. ಇದ್ದವೆಂದು ಅವ್ವ ಅನ್ನುತ್ತಾಳೆ. ಅವ್ವ ನನ್ನ ಸಲುವಾಗಿ ಏನನ್ನು ಬೇಕಾದರೂ ಅನ್ನುತ್ತಾಳೆ.

ಗುರುತು ಹಾಕಿದ್ದು ಮಾತ್ರ ನಾನೇ. ಅದನ್ನು ನನ್ನ ಬೆರಳು ಮರೆತಿಲ್ಲ. ಪುಡಿಯ ಬಟ್ಟಲಿನಲ್ಲಿ ಮೂರು ಬೆರಳು ಅದ್ದಿದೆ. ಹನ್ನೊಂದು ಹಲಗೆಗಳನ್ನು ಒಂದೊಂದಾಗಿ ಮುಂದಕ್ಕೆ ಬಾಗಿಸಿ, ಬೆನ್ನಿಗೆ ಎಳೆದೆ. ಪಡಸಾಲೆಗೆ ಬಂದು "ಆತಂತ" ಎಂದೆ. ಠೇಕಾದವರು ಎದ್ದರು. ಅತ್ತಿ ಪೂಜೆ ಮುಗಿಸಿ ಹೊರಗೆ ಬರುವ ಹೊತ್ತಿಗೆ ಎಲ್ಲ ಹಲಗೆಗಳ ಮೇಲೂ ಗೆರೆ ಬಿದ್ದಿತ್ತು. ಅವಳು ಒಂದು ಸಲ ನೋಡಿ ಒಳಗೆ ಹೋದಳು. ಆ ದಿನಗಳಲ್ಲಿ ಅವಳನ್ನು ಕೇಳದೆ ನಡೆಯುವ ಕೆಲಸ ಎಷ್ಟೋ ಇದ್ದವು. ಇದೂ ಒಂದು ಎಂದುಕೊಂಡಳೋ ಏನೋ.

ಬೋರ್ಡುಗಳು ಹೇಳಿದ ದಿನಕ್ಕೆ ಹೋದವು. ಠೇಕಾದವರೂ ಹೋದರು. ಎಡಗೈಯವನು ಹೋಗುವಾಗ ಅತ್ತಿಗೆ ನಮಸ್ಕಾರ ಮಾಡಲು ಒಳಬಾಗಿಲವರೆಗೆ ಬಂದ. ಅವಳು ಹಿತ್ತಲಲ್ಲಿದ್ದಳು, ಬಸ್ಸಿಗೆ ಹೊತ್ತಾಯಿತೆಂದು ಹಾಗೇ ಹೋದ.

ಶ್ರಾವಣದಲ್ಲಿ, ನಾನು ಕಾಲೇಜಿಗೆ ಹೊರಡುವ ಮುನ್ನ, ನಿಲಂಗಾ ಕಡೆಯಿಂದ ಒಂದು ಗಾಡಿ ಬಂತು. ಒಂದರ ಮೇಲೊಂದು ಮಲಗಿಸಿದ ಬೋರ್ಡುಗಳು. ಮಳೆ ಬಿದ್ದು ಮೇಲೆ ಎಳೆ ಬಿಸಿಲು ಬಂದಾಗ, ಒಳಗಿನ ಹಸಿ ಅಸ್ತರದ ಮೇಲೆ ಬಣ್ಣ ಸುಕ್ಕುಗಟ್ಟಿತ್ತು. ಕಾಸಿದ ಹಾಲಿನ ಕೆನೆ ಊದಿದಾಗ ಸರಿಯುತ್ತದಲ್ಲ, ಅಕ್ಷರಗಳು ಹಾಗೆ ಸರಿದಿದ್ದವು. ಕೆಲವು ಕಡೆ ಚಕ್ಕೆ ಎದ್ದು ಹಲಗೆ ಕಾಣುತ್ತಿತ್ತು. ಆ ವಾರದಲ್ಲಿ ಹನ್ನೊಂದೂ ವಾಪಸು ಬಂದವು. ಉಸ್ತಾದರು ಬರೆದ ವಲಾಂಡಿಯ ಬೋರ್ಡು ಬರಲಿಲ್ಲ. ಅದಕ್ಕೆ ಮೋಡಕ್ಕಿಂತ ಮುಂಚೆ ಅತ್ತಿಯ ಗುರುತು ಬಿದ್ದಿತ್ತು.

ಅಪ್ಪ ಒಂದನ್ನು ಬೋರಲು ತಿರುಗಿಸಿದ. ಮೂರು ಬಿಳಿ ಗೆರೆ. ಇನ್ನೊಂದು ತಿರುಗಿಸಿದ. ಮೂರು ಬಿಳಿ ಗೆರೆ. ಅತ್ತಿಯನ್ನು ಕರೆದ. ಉಸ್ತಾದರು ತಮ್ಮ ಸಂದೂಕಿನ ಹತ್ತಿರ ಕೂತಿದ್ದರು. ನಾನು ಅಪ್ಪನ ಹಿಂದೆ ನಿಂತಿದ್ದೆ.

"ಅಕ್ಕಾ, ಈ ಗುರುತ ನಿಂದs ಏನು?"

ಅವನು ಸಿಟ್ಟಿನಿಂದ ಕೇಳಲಿಲ್ಲ. ಅಲ್ಲ ಅನ್ನಲಿ ಎಂದು ಆಸೆಪಟ್ಟವನಂತೆ ಕೇಳಿದ. ಅತ್ತಿ ಬಗ್ಗಿ ನೋಡಿದಳು. ಕೈಯನ್ನು ಸೆರಗಿಗೆ ಒರೆಸಿ, ಮೂರು ಬೆರಳನ್ನು ಆ ಗೆರೆಗಳ ಮೇಲೆ ಇಟ್ಟಳು. ವರ್ಷಗಟ್ಟಲೆ ಕಲ್ಲು ತಿರುಗಿಸಿ ಅಗಲವಾದ ಬೆರಳುಗಳು. ಗೆರೆಗಳು ಅವುಗಳ ಕೆಳಗೆ ಪೂರಾ ಮುಚ್ಚಿಹೋದವು.

"ನಂದs ತಮ್ಮಾ."

ಉಸ್ತಾದರು ತಲೆ ಎತ್ತಿ ನನ್ನ ಕಡೆ ನೋಡಿದರು. ನೋಡಿದರೆಂದು ನಾನು ನಂಬಿದ್ದೇನೆ. ಹಿಂದಿನ ದಿನಗಳಾಗಿದ್ದರೆ ಅವರು ಬಾಯಿ ಹಾಕುತ್ತಿದ್ದರು. ಬೋರ್ಡು ಬರೆದವರೂ ಅಲ್ಲೇ ಇರುತ್ತಿದ್ದರು, ಮೋಡ ಕಂಡೂ ಬರೆದದ್ದು ನಮ್ಮ ತಪ್ಪು ಅನ್ನುತ್ತಿದ್ದರು. ಅಪ್ಪ, ಅವಸರ ಮಾಡಿದವನು ನಾನು ಅನ್ನುತ್ತಿದ್ದ. ಆ ಗದ್ದಲದಲ್ಲಿ ನಾನೂ ಹೇಳಿಬಿಡುತ್ತಿದ್ದೆನೇನೋ. ಅವತ್ತು ಪಡಸಾಲೆಯಲ್ಲಿ ಯಾರೂ ಏನೂ ಹೇಳಲಿಲ್ಲ. ಅದು ಉಸ್ತಾದರ ಬೋರ್ಡಲ್ಲ. ಬರೆದವರು ಆಗ ಯಾವ ಊರಿನಲ್ಲಿದ್ದರೋ ನಮಗೆ ಗೊತ್ತಿಲ್ಲ. ನನ್ನದೂ ಅಲ್ಲವೆಂದು ನಾನು ನಿಂತೆ. ಒಂದೇ ಬೇಸಿಗೆಯಲ್ಲಿ ಅಷ್ಟನ್ನು ಕಲಿತಿದ್ದೆ. ಕಲಿಸಿದವರು ಠೇಕಾದವರು ಎಂದು ಬಹಳ ವರ್ಷ ಅಂದುಕೊಂಡೆ. ಅವರಿಗೆ ಹಾಗೆ ಇರದೆ ಗತಿಯಿರಲಿಲ್ಲ. ನನಗೆ ಮನೆಯಿತ್ತು.

ಅಪ್ಪ ಬಹಳ ಮೆತ್ತಗೆ ಹೇಳಿದ. "ಇರಲಿ ಬಿಡು. ನಿನಗೂ ವಯಸ್ಸಾತು. ಇನ್ನ ಮ್ಯಾಲ ಸೊಲ್ಲಾಪುರದಿಂದ ತಯಾರ ಬಣ್ಣಾನ ಡಬ್ಬಿ ತರಸ್ತೀನಿ. ನೀ ಆರಾಮ ಇರು." ಅತ್ತಿಗೆ ಆಗ ನಲವತ್ತೆರಡೋ ನಲವತ್ಮೂರೋ. ಅವಳು ಹೂಂ ಅಂದಳು. ಅರೆಯುವ ಕಲ್ಲನ್ನು ತೊಳೆದು ಹಿತ್ತಲಲ್ಲಿ ಬೋರಲು ಹಾಕಿದಳು. ನಾಲ್ಕು ದಿನ ಅವಳ ಉಗುರಿನ ಸಂದಿಯಲ್ಲಿ ಬಿಳಿ ಉಳಿದಿತ್ತು. ಆಮೇಲೆ ಹೋಯಿತು. ಹಾಗೆ ಬಿಳಿಯಿಲ್ಲದ ಅವಳ ಕೈಯನ್ನು ನಾನು ಮೊದಲು ನೋಡಿದ್ದು ಆಗ.

ದೀಪಾವಳಿಗೆ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅತ್ತಿ ಗುಂಜೋಟಿಗೆ ಹೋಗಿದ್ದಳು. ಇಪ್ಪತ್ತು ವರ್ಷ ಕಾಲಿಡದ ಗಂಡನ ಮನೆಗೆ. ಮೈದುನನ ಮನೆಯಲ್ಲಿ ಆಳು ಕಡಿಮೆಯಿದೆ, ಕಾಳು ಹಸನು ಮಾಡಲು ಕರೆದಿದ್ದಾರೆ ಎಂದು ಹೇಳಿ ಹೋದಳಂತೆ. ಅಪ್ಪ ತಡೆಯಲಿಲ್ಲವೇ ಎಂದು ಅವ್ವನನ್ನು ಕೇಳಿದೆ. "ತಡದ್ರು. ಇಲ್ಲಿ ನನಗೇನ ಕೆಲಸ ಅದ ಅಂತ ಕೇಳಿದ್ಲು." ಉಸ್ತಾದರು ಮರುವರ್ಷ ಹೈದರಾಬಾದಿಗೆ, ಮಗನ ಹತ್ತಿರ ಹೋದರು. ಆಮೇಲೆ ನಮ್ಮ ಪಡಸಾಲೆಯಲ್ಲಿ ಕೆಲಸವಿದ್ದಾಗ ಜನರಿರುತ್ತಿದ್ದರು, ಮುಗಿದಾಗ ಇರುತ್ತಿರಲಿಲ್ಲ. ಅಪ್ಪನಿಗೆ ಅವರ ಮುಖಗಳೂ ನೆನಪುಳಿಯುತ್ತಿರಲಿಲ್ಲ.

ಗುಂಜೋಟಿಗೆ ನಾನು ಮೊದಲು ಹೋದದ್ದು ಬಿ.ಎ. ಮುಗಿದ ಮೇಲೆ. ಅಷ್ಟು ದಿನ ಯಾಕೆ ಹೋಗಲಿಲ್ಲ ಎಂಬುದಕ್ಕೆ ಪರೀಕ್ಷೆ, ಬಸ್ಸು, ಮಳೆ ಎಂದು ದಿನಚರಿಯಲ್ಲಿ ಕಾರಣಗಳಿವೆ. ಅತ್ತಿ ಅಂಗಳದಲ್ಲಿ ಮೊರ ಹಿಡಿದು ತೊಗರಿಬೇಳೆ ಕೇರುತ್ತಿದ್ದಳು. ನನ್ನನ್ನು ನೋಡಿ ಎದ್ದು ನೀರು ಕೊಟ್ಟಳು. ನಾನು ಇಳಿದುಹೋಗಿದ್ದೇನೆ ಎಂದಳು, ಹಾಸ್ಟೆಲಿನ ಅನ್ನ ಹೇಗಿತ್ತು ಎಂದು ಕೇಳಿದಳು, ಅಪ್ಪನ ಕೆಮ್ಮನ್ನು ವಿಚಾರಿಸಿದಳು. ಬೋರ್ಡಿನ ಮಾತು ಎತ್ತಲಿಲ್ಲ. ಆ ಮನೆಯ ಸೊಸೆ ಬಂದು, "ದೊಡ್ಡವ್ವಾ, ಅಷ್ಟ ಹಸನ ಮಾಡೂದು ಬ್ಯಾಡ್ರಿ, ಮಾರೂ ಬ್ಯಾಳಿ ಅದು" ಎಂದು ಮೊರವನ್ನು ಅವಳ ಕೈಯಿಂದ ತೆಗೆದುಕೊಂಡು ಹೋದಳು. ಅತ್ತಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ನಾನು ಬಸ್ಸಿನಲ್ಲಿ ಬರುವಾಗ ಹೇಳಬೇಕೆಂದು ಬಹಳ ಮಾತು ಕಟ್ಟಿಕೊಂಡಿದ್ದೆ. ತಪ್ಪು ನನ್ನದು ಎಂದು ಹೇಳಬಹುದಿತ್ತು, ಆದರೆ ಎಷ್ಟು ನನ್ನದೆಂದು ನನಗೆ ಗೊತ್ತಿರಲಿಲ್ಲ. ತಲೆ ಅಲ್ಲಾಡಿಸಿದಳೋ ಇಲ್ಲವೋ ಅವಳಿಗೆ ಗೊತ್ತು. ನಾನು ಕೇಳಿದೆನೋ ಇಲ್ಲವೋ ಅವಳಿಗೆ ಗೊತ್ತು. ಆ ಗೆರೆಗಳನ್ನು ಕೈಯಿಂದ ಮುಚ್ಚಿದಾಗ ಏನನ್ನು ಮುಚ್ಚುತ್ತಿದ್ದಳೆಂದೂ ಅವಳಿಗೇ ಗೊತ್ತು. ಕಡೆಗೆ ಬಾಯಿಗೆ ಬಂದದ್ದು ಒಂದೇ ಮಾತು. ಅದಾದ ಮೇಲೆ ಎಷ್ಟೋ ಸಲ ಗುಂಜೋಟಿಗೆ ಹೋಗಿ ಬಂದಿದ್ದೇನೆ. ಅತ್ತಿ ಉಣ್ಣಲು ಇಡುತ್ತಾಳೆ, ನನ್ನ ತಲೆ ಸವರುತ್ತಾಳೆ, ಆ ಮೊದಲ ಸಲ ಅಂಗಳದಲ್ಲಿ ನಾನು ಕೇಳಿದ ಈ ಮಾತಿಗೆ ಇನ್ನೂ ಏನೂ ಹೇಳಿಲ್ಲ.

"ಅತ್ತಿ, ಅವತ್ತ ನೀ ಪೂಜಿಗಿ ಕೂತಾಗ ನಾ ಬಾಗಿಲಾಗ ಬಂದು ನಿಂತಿದ್ನಲ್ಲ, ನಿನ್ನ ಕೇಳಿದ್ನೇನ?"